ಸ್ಪಿತಿಯಲ್ಲಿ ಡೇರೆ ಹಾಕುವ ಮುನ್ನ

ಬೆಂಗಳೂರಿನ ಯಾವುದಾದರೂ ಸಿಗ್ನಲ್ಲಿನಲ್ಲಿ ಒಂದು ನಿಮಿಷ ನಿಂತು ನೋಡಿ. ನಾಲ್ಕಾರು ಬೈಕುಗಳ ಹ್ಯಾಂಡಲ್ಲಿಗೆ ನೀಲಿ, ಬಿಳಿ, ಕೆಂಪು, ಹಸಿರು, ಹಳದಿ ಬಣ್ಣದ ಪುಟ್ಟ ಬಾವುಟಗಳ ಸರ ಕಟ್ಟಿರುತ್ತದೆ. ಟಿಬೆಟಿನ ಬೌದ್ಧರ ಪ್ರಾರ್ಥನೆಯ ಬಾವುಟಗಳವು. ಆ ಬೈಕುಗಳಲ್ಲಿ ಅರ್ಧಕ್ಕರ್ಧ ನಂದಿಬೆಟ್ಟ ದಾಟಿರಲಿಕ್ಕಿಲ್ಲ. ಆದರೂ ಸವಾರನ ಮನಸ್ಸು ಎಲ್ಲಿ ಸುತ್ತುತ್ತಿದೆ ಅನ್ನುವುದನ್ನು ಬಾವುಟ ಹೇಳಿಬಿಡುತ್ತದೆ. ನಾನು ಈ ಆಸೆಯನ್ನು ಗೇಲಿ ಮಾಡುವವನಲ್ಲ, ನನಗೂ ಅದೇ ಹುಚ್ಚು. ಹೆಚ್ಚಿನವರು ಲಡಾಖ್ ಎನ್ನುತ್ತಾರೆ. ನಾನು ಇವತ್ತು ಹೇಳಹೊರಟಿರುವುದು ಅದರ ಕೆಳಗೆ, ಅಷ್ಟಾಗಿ ಹೆಸರು ಮಾಡದೆ ಉಳಿದಿರುವ ಸ್ಪಿತಿ ಎಂಬ ಕಣಿವೆಯ ವಿಷಯ.

ಸ್ಪಿತಿ ಇರುವುದು ಹಿಮಾಚಲ ಪ್ರದೇಶದಲ್ಲಿ, ಟಿಬೆಟಿನ ಗಡಿಗೆ ಒತ್ತಿಕೊಂಡು. ಲಾಹೌಲ್-ಸ್ಪಿತಿ ಜಿಲ್ಲೆಯ ಒಂದು ಭಾಗ. ಅಲ್ಲಿನ ಮುಖ್ಯ ಪೇಟೆ ಕಾಜಾ ಸಮುದ್ರಮಟ್ಟದಿಂದ ಸುಮಾರು 3,700 ಮೀಟರ್ ಮೇಲಿದೆ. ನಮ್ಮ ರಾಜ್ಯದ ಅತಿ ಎತ್ತರದ ಶಿಖರ ಮುಳ್ಳಯ್ಯನಗಿರಿ 1,930 ಮೀಟರ್. ಒಂದು ಮುಳ್ಳಯ್ಯನಗಿರಿಯ ನೆತ್ತಿಯ ಮೇಲೆ ಇನ್ನೊಂದನ್ನು ಕೂರಿಸಿದರೆ ಹೆಚ್ಚುಕಡಿಮೆ ಕಾಜಾದ ತರಕಾರಿ ಅಂಗಡಿಯ ಮಟ್ಟಕ್ಕೆ ಬರುತ್ತದೆ. ಬೆಟ್ಟಗಳು ಶುರುವಾಗುವುದು ಅಲ್ಲಿಂದ ಮೇಲಕ್ಕೆ. ದಕ್ಷಿಣದ ಪರ್ವತಸಾಲು ಮುಂಗಾರನ್ನು ತಡೆದುಬಿಡುವುದರಿಂದ ಮಳೆ ತೀರಾ ಕಡಿಮೆ. ಕಾಡೆಂಬುದಿಲ್ಲ. ಮೈಲಿಗಟ್ಟಲೆ ಕಂದು, ಬೂದಿ, ನೇರಳೆ ಬಣ್ಣದ ಸಡಿಲಗಲ್ಲಿನ ಇಳಿಜಾರು, ನಡುವೆ ಹತ್ತಾರು ಸೀಳಾಗಿ ಹರಿಯುವ ಬೂದುನೀರಿನ ನದಿ. ಗಡಿಪ್ರದೇಶವಾದ್ದರಿಂದ 1990ರ ದಶಕದ ಆರಂಭದವರೆಗೂ ಹೊರಗಿನವರು ಅಲ್ಲಿಗೆ ಸಲೀಸಾಗಿ ಹೋಗುವ ಹಾಗಿರಲಿಲ್ಲ. ಈಗಲೂ ಪಕ್ಕದ ಕಿನ್ನೌರ್ ಜಿಲ್ಲೆಯ ಕಡೆಯಿಂದ ಬರುವ ವಿದೇಶೀಯರು ಪರವಾನಗಿ ತೋರಿಸಬೇಕು. ನಮಗೆ ಅದರ ಗೊಡವೆಯಿಲ್ಲ.

ಇಂಥ ನೋಟ ಕಂಡ ಕೂಡಲೇ ನಮ್ಮ ಹುಡುಗರ ಬಾಯಿಂದ ಬರುವ ಮೊದಲ ಮಾತು, "ಪೂರಾ ಖಾಲಿ ಗುರೂ, ಎಲ್ಲಿ ಬೇಕಾದರೂ ಟೆಂಟ್ ಹಾಕಬಹುದು." ನನ್ನ ತಕರಾರು ಈ ಮಾತಿನ ಮೇಲೆ. ಸ್ಪಿತಿಯಲ್ಲಿ ಜನ ಕಡಿಮೆ ಇದ್ದಾರೆ, ನಿಜ. ಆದರೆ ಅಲ್ಲಿ ಹರಿಯುವ ತೊರೆಗೆ ಹಕ್ಕುದಾರರಿದ್ದಾರೆ, ಹುಲ್ಲಿಗೆ ಸರದಿ ಇದೆ, ಒಣಗಿ ಬಿದ್ದ ಸಗಣಿಗೂ ಯಜಮಾನರಿದ್ದಾರೆ. ಇದನ್ನು ತಿಳಿದು ಹೋದವರಿಗೆ ಸಿಗುವ ಕಣಿವೆಯೇ ಬೇರೆ. ಬೈಕನ್ನು ಯಾವ ದಾರಿಯಲ್ಲಿ ಓಡಿಸಬೇಕು ಅನ್ನುವುದರಿಂದ ಹಿಡಿದು ಡೇರೆಯ ಗೂಟ ಎಲ್ಲಿ ಹೊಡೆಯಬೇಕು ಅನ್ನುವವರೆಗೆ ಎಲ್ಲವೂ ಬದಲಾಗುತ್ತದೆ.

ಮೊದಲು ದಾರಿ. ಸ್ಪಿತಿಗೆ ಎರಡು ಬಾಗಿಲು. ಒಂದು ಮನಾಲಿಯಿಂದ, ಕುಂಜುಮ್ ಕಣಿವೆಬಾಗಿಲು ಹಾಯ್ದು. ದೂರ ಸುಮಾರು 200 ಕಿಲೋಮೀಟರ್. ಇನ್ನೊಂದು ಶಿಮ್ಲಾದಿಂದ ಕಿನ್ನೌರ್ ಜಿಲ್ಲೆಯ ಮೂಲಕ, ಅದರ ದುಪ್ಪಟ್ಟು ದೂರ. ನಕ್ಷೆ ನೋಡಿದವರು ಮನಾಲಿ ದಾರಿಯನ್ನೇ ಹಿಡಿಯುತ್ತಾರೆ. ನಾನು ಮಾತ್ರ ಕೇಳಿದವರಿಗೆಲ್ಲ ಶಿಮ್ಲಾ ಕಡೆಯಿಂದಲೇ ಹತ್ತಿ, ಮನಾಲಿ ಕಡೆಗೆ ಇಳಿಯಿರಿ ಎನ್ನುತ್ತೇನೆ. ಮನಾಲಿ 2,000 ಮೀಟರ್ ಚಿಲ್ಲರೆ, ಕುಂಜುಮ್ 4,551. ಬೆಳಿಗ್ಗೆ ಮನಾಲಿಯಿಂದ ಹೊರಟು ಮಧ್ಯಾಹ್ನ ಕುಂಜುಮ್ ಮೇಲೆ ನಿಂತರೆ ರಕ್ತಕ್ಕೆ ಹೊಂದಿಕೊಳ್ಳಲು ಪುರುಸೊತ್ತೇ ಸಿಗುವುದಿಲ್ಲ. ತಲೆನೋವು, ವಾಕರಿಕೆ, ನಿದ್ದೆಯಿಲ್ಲದ ರಾತ್ರಿ, ಇವು ಎತ್ತರದ ಕಾಯಿಲೆಯ ಮೊದಲ ಮೆಟ್ಟಿಲು. ಕೊನೆಯ ಮೆಟ್ಟಿಲಿನಲ್ಲಿ ಶ್ವಾಸಕೋಶಕ್ಕೆ ನೀರು ತುಂಬುತ್ತದೆ ಅಥವಾ ಮಿದುಳು ಊದಿಕೊಳ್ಳುತ್ತದೆ. ಅದಕ್ಕಿರುವ ಖಾತ್ರಿಯಾದ ಚಿಕಿತ್ಸೆ ತಡಮಾಡದೆ ಕೆಳಗಿಳಿಯುವುದು. 3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚು ಏರಿಸಬಾರದು ಎಂದು ವೈದ್ಯರು ಹೇಳುತ್ತಾರೆ. ಹಗಲು ಸ್ವಲ್ಪ ಮೇಲೆ ಹೋದರೂ ಚಿಂತೆಯಿಲ್ಲ, ರಾತ್ರಿ ಕೆಳಗೆ ಬಂದು ಮಲಗಿ. ಶಿಮ್ಲಾ ದಾರಿ ಈ ನಿಯಮವನ್ನು ಓದಿಕೊಂಡೇ ಕಡಿದ ಹಾಗಿದೆ: ಶಿಮ್ಲಾ 2,200, ಕಲ್ಪಾ ಸುಮಾರು 2,960, ಹಗಲಲ್ಲಿ ನಾಕೋ 3,660 ಹಾಯ್ದು, ರಾತ್ರಿಗೆ ಒಂದಿಷ್ಟು ಇಳಿದು ತಾಬೋ 3,280, ಆಮೇಲೆ ಕಾಜಾ. ಎತ್ತರದ ಕಾಯಿಲೆ ತಡೆಯಲೆಂದು ಡಯಾಮಾಕ್ಸ್ ಮಾತ್ರೆಯನ್ನು ಬಹಳ ಜನ ಮಿಠಾಯಿಯ ಹಾಗೆ ಹಂಚಿಕೊಂಡು ನುಂಗುತ್ತಾರೆ. ನಿಮ್ಮ ವೈದ್ಯರನ್ನು ಕೇಳದೆ ಆ ಕೆಲಸ ಬೇಡ.

ನಮ್ಮ ಕಡೆಯವರು ಶಿಮ್ಲಾವರೆಗೂ ಬೈಕಿನಲ್ಲೇ ಹೋಗಬೇಕೆಂದಿಲ್ಲ. ಯಶವಂತಪುರದಿಂದ ಚಂಡೀಗಢಕ್ಕೆ ಸಂಪರ್ಕ ಕ್ರಾಂತಿ ರೈಲಿದೆ. ಪಾರ್ಸಲ್ ಆಫೀಸಿನಲ್ಲಿ ಟ್ಯಾಂಕಿನ ಪೆಟ್ರೋಲು ಪೂರ್ತಿ ಬಸಿದು, ಕನ್ನಡಿ ಬಿಚ್ಚಿ, ಗೋಣಿ ಸುತ್ತಿಸಿ ಹಾಕಿದರೆ ಗಾಡಿ ಬರುತ್ತದೆ. ನೀವು ಇಳಿದ ದಿನವೇ ಅದೂ ಇಳಿಯುತ್ತದೆ ಎಂದು ಮಾತ್ರ ನಂಬಿ ಕೂರಬೇಡಿ.

ಕಿನ್ನೌರಿನ ರಸ್ತೆಯದೇ ಒಂದು ಕತೆ. ಹಿಂದೂಸ್ತಾನ್-ಟಿಬೆಟ್ ರಸ್ತೆ ಎಂದು ಇದರ ಹೆಸರು. 1850ರಲ್ಲಿ, ಡಾಲ್‌ಹೌಸಿ ಗವರ್ನರ್ ಜನರಲ್ ಆಗಿದ್ದಾಗ, ಕೆಲಸ ಶುರುವಾದದ್ದು. ಆಗ ಅದು ಹೇಸರಗತ್ತೆಯ ದಾರಿ. ಈಗಿನ ರಸ್ತೆಯನ್ನು ತರಾಂಡಾದ ಬಳಿ ಬಂಡೆಯ ಹೊಟ್ಟೆಯನ್ನೇ ಕೊರೆದು ಮಾಡಿದ್ದಾರೆ. ತಲೆಯ ಮೇಲೆ ಕಲ್ಲಿನ ಚಾವಣಿ, ಒಂದು ಪಕ್ಕ ಕಲ್ಲಿನ ಗೋಡೆ, ಇನ್ನೊಂದು ಪಕ್ಕ ಏನೂ ಇಲ್ಲ, ತುಂಬಾ ಕೆಳಗೆ ಸಟ್ಲೆಜ್ ನದಿ. ಅಲ್ಲಿ ಲಾರಿಯವರೆಲ್ಲ ತರಾಂಡಾ ದೇವಿಯ ಗುಡಿಯ ಮುಂದೆ ನಿಲ್ಲಿಸಿ ಕೈಮುಗಿದೇ ಮುಂದೆ ಹೋಗುತ್ತಾರೆ. ದೇವರಲ್ಲಿ ನಂಬಿಕೆ ಇಲ್ಲದವರೂ ನಿಲ್ಲಿಸಿ, ಚಹಾ ಕುಡಿದು, ಚೈನು ಬಿಗಿಯಾಗಿದೆಯೋ ನೋಡಿಕೊಳ್ಳಲು ಅದು ಒಳ್ಳೆಯ ಜಾಗ.

ರೆಕಾಂಗ್ ಪಿಯೋದ ಕೆಳಗೆ ಪೊವಾರಿಯಲ್ಲಿ ಪೆಟ್ರೋಲ್ ಬಂಕಿದೆ, ಟ್ಯಾಂಕು ಅಲ್ಲಿ ತುಂಬಿಸಿ. ಅದರಾಚೆ ನಂಬಿಕೊಂಡು ಹೋಗಬಹುದಾದ ಬಂಕು ಸುಮಾರು 200 ಕಿಲೋಮೀಟರ್ ದೂರದ ಕಾಜಾದ್ದೇ. ಖಾಬ್ ಎಂಬಲ್ಲಿ ಟಿಬೆಟಿನಿಂದ ಬರುವ ಸಟ್ಲೆಜನ್ನು ಸ್ಪಿತಿ ನದಿ ಕೂಡುತ್ತದೆ. ಸೇತುವೆ ದಾಟಿದರೆ ದೇವದಾರು, ಹಸಿರು ಪಟ್ಟಿಯ ಕಿನ್ನೌರಿ ಟೋಪಿ ಎಲ್ಲ ಹಿಂದೆ ಉಳಿಯುತ್ತವೆ. ಸುಮ್ದೋದ ಹತ್ತಿರ ಪಾರೆಚೂ ಎಂಬ ಹೊಳೆ ಟಿಬೆಟಿನಿಂದ ಬಂದು ಸೇರುತ್ತದೆ. 2004ರಲ್ಲಿ ಗಡಿಯಾಚೆ ಗುಡ್ಡ ಕುಸಿದು ಈ ಹೊಳೆಗೆ ಅಡ್ಡಗಟ್ಟಿತು, ಹಿಂದೆ ಕೆರೆ ನಿಂತಿತು. 2005ರ ಜೂನಿನಲ್ಲಿ ಆ ಕಟ್ಟೆ ಒಡೆದಾಗ ಕಿನ್ನೌರಿನ ಸೇತುವೆ, ರಸ್ತೆಗಳು ಕೊಚ್ಚಿಹೋದವು. ಈ ಬೆಟ್ಟಗಳು ಇನ್ನೂ ಕಟ್ಟಿ ಮುಗಿದಿಲ್ಲ, ಅಲುಗಾಡುತ್ತಲೇ ಇವೆ. ಗಡಿ ರಸ್ತೆ ಸಂಸ್ಥೆಯ ಹಳದಿ ಫಲಕಗಳಲ್ಲಿ ಬರೆದ ತಮಾಷೆಯ ಸಾಲುಗಳ ಫೋಟೋ ತೆಗೆಯುವವರು ಆ ಫಲಕದ ಪಕ್ಕದಲ್ಲೇ ಜಲ್ಲಿ ಒಡೆಯುತ್ತಾ ಕೂತಿರುವವರನ್ನೂ ಒಂದು ಸಲ ಮಾತಾಡಿಸಬೇಕು. ನೇಪಾಳದವರು, ಜಾರ್ಖಂಡಿನ ದುಮ್ಕಾದವರು ಬಹಳ. ರಸ್ತೆಯ ನಿಜವಾದ ಸುದ್ದಿ ಅವರ ಹತ್ತಿರ ಇರುತ್ತದೆ. ಮುಂದಿನ ತಿರುವಿನಲ್ಲಿ ಗುಡ್ಡ ಬಿದ್ದಿದೆಯೋ, ಎಷ್ಟು ಹೊತ್ತಿಗೆ ತೆರವಾದೀತು ಎಂಬುದು ಯಾವ ಫೋನಿಗಿಂತಲೂ ಮೊದಲು ಅವರಿಗೆ ಗೊತ್ತು.

ಈ ಎತ್ತರದಲ್ಲಿ ಗಾಡಿಗೂ ಏದುಸಿರು. 4,500 ಮೀಟರಿನಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದಲ್ಲಿರುವುದರ ಶೇಕಡ 57ರಷ್ಟು ಮಾತ್ರ. ಎಂಜಿನ್ನಿಗೆ ಸಿಗುವ ಆಮ್ಲಜನಕ ಅಷ್ಟಕ್ಕೆ ಅಷ್ಟೇ. ಚೆನ್ನೈನ ಕಂಪನಿ 2016ರಲ್ಲಿ ತಂದ ಮೊದಲ 'ಹಿಮಾಲಯನ್' ಬೈಕು 411 ಸಿಸಿಯದು, ಇಪ್ಪತ್ತನಾಲ್ಕೂವರೆ ಅಶ್ವಶಕ್ತಿ. ಕುಂಜುಮ್ ಮೇಲೆ ಅದರಲ್ಲಿ ಉಳಿಯುವುದು ಹದಿನೈದರ ಆಸುಪಾಸು. ಹೆಸರು ಹಿಮಾಲಯದ್ದಾದರೂ ಹಿಮಾಲಯ ಯಾರಿಗೂ ರಿಯಾಯಿತಿ ಕೊಡುವುದಿಲ್ಲ. ಕಾರ್ಬುರೇಟರ್ ಇರುವ ಹಳೆಯ ಗಾಡಿಗಳದ್ದು ಇನ್ನೊಂದು ಪಾಡು. ಗಾಳಿ ತೆಳುವಾದರೂ ಪೆಟ್ರೋಲು ಹಳೆಯ ಅಳತೆಯಲ್ಲೇ ಬರುತ್ತಿರುತ್ತದೆ. ಪ್ಲಗ್ಗು ಕಪ್ಪಾಗುತ್ತದೆ, ಸೈಲೆನ್ಸರಿನಲ್ಲಿ ಹೊಗೆ, ಏರಿನಲ್ಲಿ ಮುಗ್ಗರಿಕೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಶುರುವಾಗಿ 1996ರಲ್ಲಿ ಮುಚ್ಚಿತು. ಅಲ್ಲಿ ತಯಾರಾದ ಯೆಜ್ಡಿಯಲ್ಲಿ ಬೆಟ್ಟ ಹತ್ತಿದ ಹಿರಿಯರು ಈಗಲೂ ಸಿಗುತ್ತಾರೆ, ಕೇಳಿ ನೋಡಿ. ಜೇಬಿನಲ್ಲಿ ಸಣ್ಣ ತೂತಿನ ಜೆಟ್ ಇಟ್ಟುಕೊಂಡೇ ಹೊರಡುತ್ತಿದ್ದೆವು ಎನ್ನುತ್ತಾರೆ. ಈಗಿನ ಇಂಜೆಕ್ಷನ್ ಗಾಡಿಗಳು ಈ ಅಳತೆಯನ್ನು ತಾವೇ ಸರಿಮಾಡಿಕೊಳ್ಳುತ್ತವೆ. ಆದರೆ ಇಲ್ಲದ ಗಾಳಿಯನ್ನು ಅವೂ ಹುಟ್ಟಿಸಲಾರವು. ಹಾಗಾಗಿ ಮೊದಲ ಗೇರು, ಎರಡನೇ ಗೇರು, ಸಾವಧಾನ. ಏರಿನಲ್ಲಿ ಅರ್ಧ ಕ್ಲಚ್ ಹಿಡಿದು ರೇಗಿಸುವವರು ಕ್ಲಚ್ ಪ್ಲೇಟು ಸುಟ್ಟುಕೊಂಡು ಪಿಕಪ್ ಗಾಡಿಯ ಬೆನ್ನೇರಿ ಕಾಜಾ ತಲಪುತ್ತಾರೆ. ದೊಡ್ಡ ಬೈಕೇ ಬೇಕೆಂದೇನೂ ಇಲ್ಲ. ಅಲ್ಲಿನ ಮೇಷ್ಟರು, ಪೋಸ್ಟ್‌ಮನ್‌ಗಳು ನೂರು ಸಿಸಿಯ ಗಾಡಿಯಲ್ಲೇ ಓಡಾಡುತ್ತಾರೆ. ಬೇಕಾದದ್ದು ಒಂದು ಕ್ಲಚ್ ವೈರು, ಒಂದು ಟ್ಯೂಬು, ಪಂಕ್ಚರ್ ಸಾಮಾನು, ಮತ್ತೆ ಅದನ್ನು ನಿಮ್ಮ ಕೈಯಾರೆ ಹಾಕಲು ಬರುವುದು.

ತಾಬೋದಲ್ಲಿ ಒಂದು ದಿನ ಸುಮ್ಮನೆ ಇರಬೇಕು, ದೇಹಕ್ಕಾಗಿಯೂ ಹೌದು, ಗೊಂಪಾಕ್ಕಾಗಿಯೂ, ಅಂದರೆ ಅಲ್ಲಿನ ಬೌದ್ಧ ವಿಹಾರಕ್ಕಾಗಿಯೂ ಹೌದು. ಕ್ರಿಸ್ತಶಕ 996ರಲ್ಲಿ ಗೂಗೆ ರಾಜ್ಯದ ಅರಸ ಯೇಶೆ ಓ ಕಟ್ಟಿಸಿದ್ದು. ಹೊರಗಿನಿಂದ ನೋಡಿದರೆ ಏನೂ ಅಲ್ಲ, ಮಣ್ಣಿನ ಮುದ್ದೆಗಳ ಸಾಲು. ಒಳಗೆ ಕಣ್ಣು ಕತ್ತಲಿಗೆ ಒಗ್ಗಿದ ಮೇಲೆ ಗೋಡೆಗಳಿಂದ ಮಣ್ಣಿನ ದೇವತೆಗಳು ಮುಂದಕ್ಕೆ ಬಾಗಿ ಕುಳಿತಿರುವುದು, ಅವುಗಳ ಸುತ್ತ ಗೋಡೆ ತುಂಬಾ ಚಿತ್ರಗಳು ಕಾಣತೊಡಗುತ್ತವೆ. ಒಳಗೆ ಫೋಟೋ ತೆಗೆಯುವಂತಿಲ್ಲ, ಒಳ್ಳೆಯದೇ ಆಯಿತು. ಸಾವಿರ ವರ್ಷ ಮಣ್ಣು ನಿಂತಿರುವುದು ಮಳೆ ಇಲ್ಲದ ಕಾರಣಕ್ಕೆ. 1975ರ ಜನವರಿಯ ಕಿನ್ನೌರ್ ಭೂಕಂಪ ಅದಕ್ಕೆ ಪೆಟ್ಟು ಕೊಟ್ಟಿತು. ಈಗ ಆಗೊಮ್ಮೆ ಈಗೊಮ್ಮೆ ಬೀಳುವ ಜೋರುಮಳೆಗೆ ಮಣ್ಣಿನ ಮಾಳಿಗೆ ಸೋರುತ್ತದೆಂದು ಭಿಕ್ಷುಗಳು ಚಿಂತೆ ಮಾಡುತ್ತಾರೆ. ನಮ್ಮವರಿಗೆ ಅಲ್ಲಿ ಒಂದು ನಂಟೂ ಇದೆ. ತಾಬೋ ಮತ್ತು ಕಣಿವೆಯ ಇನ್ನೊಂದು ಗೊಂಪಾ ಕೀ, ಎರಡೂ ಟಿಬೆಟಿನ ಬೌದ್ಧರ ಗೆಲುಗ್ ಪಂಥದವು. ಆ ಪಂಥದ ದೊಡ್ಡ ವಿದ್ಯಾಪೀಠಗಳು ಈಗಿರುವುದು ನಮ್ಮ ಮುಂಡಗೋಡ, ಬೈಲಕುಪ್ಪೆಗಳಲ್ಲಿ. ಸ್ಪಿತಿಯ ಹುಡುಗರು ಓದಲು ಅಲ್ಲಿಗೆ ಬರುತ್ತಾರೆ. ಕರ್ನಾಟಕದ ನಂಬರ್ ಪ್ಲೇಟು ನೋಡಿ ನನ್ನ ಹತ್ತಿರ ಬಂದ ಒಬ್ಬ ಭಿಕ್ಷು "ಊಟ ಆಯ್ತಾ ಸಾರ್?" ಅಂದಾಗ ಉತ್ತರ ಹೊಳೆಯಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು.

ಇನ್ನು ಡೇರೆಯ ವಿಷಯ. ಬೈಕಿನ ಹಿಂದೆ ಡೇರೆ, ಹಾಸು, ನಿದ್ದೆಚೀಲ, ಒಲೆ ಕಟ್ಟಿಕೊಂಡು ಹೋಗುವವರಿಗೆ ಸಂಜೆ ನಾಲ್ಕು ಗಂಟೆಗೆ ಒಂದೇ ಯೋಚನೆ, ಸಮತಟ್ಟಾದ ಜಾಗ ಎಲ್ಲಿ? ಸ್ಪಿತಿಯಲ್ಲಿ ಸಮತಟ್ಟು, ಹಸಿರು, ಹತ್ತಿರದಲ್ಲೇ ನೀರು ಈ ಮೂರೂ ಇರುವ ಜಾಗ ಕಂಡರೆ ಅದು ಯಾರದೋ ಹೊಲ ಎಂದೇ ತಿಳಿಯಿರಿ. ಬಾರ್ಲಿ, ಬಟಾಣಿ ಬೆಳೆಯುವ ಹೊಲ. ಅದರ ಪಕ್ಕದ ಕಾಲುವೆಯನ್ನು ಅಲ್ಲಿ 'ಕೂಲ್' ಎನ್ನುತ್ತಾರೆ. ಎಷ್ಟೋ ಮೇಲೆ ಹಿಮ ಕರಗುವಲ್ಲಿಂದ ಬೆಟ್ಟದ ಮೈಯನ್ನು ತಬ್ಬಿಕೊಂಡು ಬರುವ ನೀರು. ಊರಿನ ಮೂಲ ಮನೆಗಳಿಗೆ, 'ದೊಡ್ಡ ಮನೆ' ಅನ್ನಿಸಿಕೊಂಡ ಮನೆತನಗಳಿಗೆ, ಆ ನೀರಿನಲ್ಲಿ ಪಾಲು ಉಂಟು, ಸರದಿ ಉಂಟು. ಉಳಿದವರು ಅವರನ್ನು ಕೇಳಿ ಪಡೆಯಬೇಕು. ಹಿಂದಿನ ಕಾಲದಲ್ಲಿ ಹಿರಿಯ ಮಗನಿಗೆ ಹೊಲ, ಕಿರಿಯರಿಗೆ ಗೊಂಪಾ ಎಂಬ ಕಟ್ಟಳೆ ಇದ್ದದ್ದೂ ಇದೇ ಕಾರಣಕ್ಕೆ. ಹಂಚಿದರೆ ಯಾರಿಗೂ ಸಾಲದಷ್ಟು ನೀರು, ನೆಲ. ಅಂಥ ಕಾಲುವೆಯಲ್ಲಿ ಬೈಕು ತೊಳೆಯುವವರನ್ನು, ಸೋಪು ಹಚ್ಚಿ ಪಾತ್ರೆ ಬೆಳಗುವವರನ್ನು ನಾನು ಕಣ್ಣಾರೆ ಕಂಡಿದ್ದೇನೆ. ಮಂಡ್ಯದ ರೈತನ ಸರದಿಯ ನೀರಿಗೆ ಯಾರಾದರೂ ಹೀಗೆ ಮಾಡಿ ಬಚಾವಾಗಲಿ ನೋಡೋಣ.

ಒಂದು ಸಂಜೆ ಊರಿನ ಅಂಚಿನಲ್ಲಿ ಪಾಳು ಬಿದ್ದಂತಿದ್ದ ಒಂದು ತುಂಡು ನೆಲ ಕಂಡು, ಹತ್ತಿರದಲ್ಲಿ ಬಟಾಣಿ ಬಿಡಿಸುತ್ತಿದ್ದ ಅಜ್ಜಿಯನ್ನು ನನ್ನ ಹರಕು ಹಿಂದಿಯಲ್ಲಿ ಕೇಳಿದೆ, ಇಲ್ಲಿ ಟೆಂಟ್ ಹಾಕಲೇ ಎಂದು. ಅಜ್ಜಿ ತಲೆಯಾಡಿಸಿದರು. "ಅಲ್ಲಿ ಬೇಡ ಮಗಾ. ನಾಳೆ ನಸುಕಿಗೆ ನಮ್ಮ ಮನೆಯ ನೀರು. ನೀನು ಎದ್ದೇಳುವ ಮೊದಲು ನಿನ್ನ ಹಾಸಿಗೆ ತೇಲುತ್ತದೆ." ರಾತ್ರಿಯಿಡೀ ಮೇಲಿನ ಕುಂಟೆಯಲ್ಲಿ ನೀರು ತುಂಬಿಸಿಟ್ಟು ಬೆಳಗಾಗುತ್ತಲೇ ಬಿಡುತ್ತಾರೆ, ಆ ನೆಲದ ಮೇಲೆ ಹಾಯ್ದು ಹೋಗುತ್ತದೆ. ಕಣದ ಹಿಂದಿನ ಒಂದು ಜಾಗ ತೋರಿಸಿದರು. ಗಾಳಿಗೆ ಗೋಡೆ ಅಡ್ಡ ಇತ್ತು. ಕತ್ತಲಾದ ಮೇಲೆ ಮೊಮ್ಮಗನ ಕೈಯಲ್ಲಿ ಬೇಯಿಸಿದ ಬಟಾಣಿ ಕಳಿಸಿದರು. ಕೇಳಿದರೆ ಜಾಗ ಸಿಗುತ್ತದೆ, ಜಾಗದ ಜತೆ ಇನ್ನೂ ಏನೇನೋ ಸಿಗುತ್ತದೆ. "ಜುಲೇ" ಎಂಬ ಒಂದು ನಮಸ್ಕಾರ ಬಂದರೆ ಮಾತು ಶುರುಮಾಡಲು ಸಾಕು.

ಊರಿಲ್ಲದ ಕಡೆ ಡೇರೆ ಹಾಕುವಾಗ ಬೇರೆ ಲೆಕ್ಕ. ಒಣಗಿದ ಹಳ್ಳದ ಪಾತ್ರ ಎಷ್ಟೇ ಮೆತ್ತಗಿರಲಿ, ಬೇಡ. ಸಡಿಲಗಲ್ಲಿನ ಇಳಿಜಾರಿನ ಬುಡವೂ ಬೇಡ. ಮಧ್ಯಾಹ್ನ ಗಾಳಿ ಎದ್ದರೆ ಮೇಲಿನಿಂದ ಕಲ್ಲು ಉರುಳುತ್ತದೆ. ಗೂಟ ಆ ನೆಲಕ್ಕೆ ಇಳಿಯುವುದಿಲ್ಲ, ಹಗ್ಗವನ್ನು ಕಲ್ಲಿಗೆ ಕಟ್ಟಿ. ನಿದ್ದೆಚೀಲಕ್ಕೆ ಸುರಿಯುವ ದುಡ್ಡಿನಲ್ಲಿ ಸ್ವಲ್ಪ ಕೆಳಗಿನ ಹಾಸಿಗೂ ಇಡಿ, ಯಾಕೆಂದರೆ ಚಳಿ ಮೇಲಿನಿಂದ ಬರುವುದಕ್ಕಿಂತ ನೆಲದಿಂದ ಹೆಚ್ಚು ಹತ್ತುತ್ತದೆ. ಬೆಂಕಿ ಮಾತ್ರ ಹಾಕಬೇಡಿ. ಕ್ಯಾಂಪ್‌ಫೈರ್ ಇಲ್ಲದೆ ಕ್ಯಾಂಪಿಂಗೇ ಅಲ್ಲ ಎನ್ನುವವರಿಗೆ ಒಂದು ವಿಷಯ ಹೇಳಬೇಕು. ಅಲ್ಲಿ ಮರವಿಲ್ಲ. ಇರುವ ನೀರವಂಜಿ, ಪಾಪ್ಲರ್ ಗಿಡಗಳೆಲ್ಲ ನೆಟ್ಟು, ನೀರೆರೆದು ಬೆಳೆಸಿದವು. ಬೆಟ್ಟದ ಮುಳ್ಳುಪೊದೆ, ದನ ಮತ್ತು ಯಾಕಿನ ಸಗಣಿ, ಇವನ್ನು ಬೇಸಗೆಯುದ್ದಕ್ಕೂ ಹೆಂಗಸರು ಬೆನ್ನ ಮೇಲೆ ಹೊತ್ತು ಮಾಳಿಗೆಯ ಮೇಲೆ ಒಟ್ಟುತ್ತಾರೆ. ಚಳಿಗಾಲದಲ್ಲಿ ಉಷ್ಣತೆ ಸೊನ್ನೆಗಿಂತ ಇಪ್ಪತ್ತು ಡಿಗ್ರಿ ಕೆಳಗಿಳಿಯುವ ಊರುಗಳವು. ಮೂರು ತಾಸು ಗಿಟಾರು ಬಾರಿಸುತ್ತಾ ಸುಟ್ಟದ್ದು ಯಾವುದೋ ಮನೆಯ ಜನವರಿ ತಿಂಗಳ ಒಂದು ರಾತ್ರಿಯ ಬಿಸುಪು.

ಅಡಿಗೆಗೆ ಒಲೆ ಬೇಕು. ಗ್ಯಾಸಿನ ಪುಟ್ಟ ಡಬ್ಬಿಗಳು ಚಳಿಗೆ ಮಂಕಾಗುತ್ತವೆ. ರಾತ್ರಿ ನಿದ್ದೆಚೀಲದೊಳಗೆ ಇಟ್ಟುಕೊಂಡು ಮಲಗಿದರೆ ಬೆಳಿಗ್ಗೆ ಉರಿಯುತ್ತವೆ. ಆದರೂ ಬೇಳೆ ಬೇಯುವುದಿಲ್ಲ. 4,200 ಮೀಟರಿನಲ್ಲಿ ನೀರು ಸುಮಾರು 86 ಡಿಗ್ರಿಗೇ ಕುದಿಯುತ್ತದೆ. ಎಷ್ಟು ಹೊತ್ತು ಕುದಿಸಿದರೂ ಅದಕ್ಕಿಂತ ಬಿಸಿ ಏರುವುದಿಲ್ಲ. ಪುಟ್ಟ ಕುಕ್ಕರ್ ಇಲ್ಲದೆ ಅನ್ನ ಸಾರಿನ ಆಸೆ ಬಿಡಿ. ಸ್ಪಿತಿಯವರು ಇದಕ್ಕೆ ಯಾವತ್ತೋ ದಾರಿ ಕಂಡುಕೊಂಡಿದ್ದಾರೆ. ಬಾರ್ಲಿಯನ್ನು ಬಾಣಲೆಯಲ್ಲಿ ಹುರಿದು ಬೀಸಿಬಿಡುತ್ತಾರೆ, ಅದೇ ತ್ಸಂಪಾ. ಹುರಿಯುವುದಕ್ಕೆ ನೀರು ಕುದಿಯುವ ಹಂಗಿಲ್ಲ. ಬೆಣ್ಣೆ ಹಾಕಿದ ಉಪ್ಪು ಚಹಾದಲ್ಲಿ ಕಲಸಿ ಉಂಡೆ ಮಾಡಿ ತಿಂದರೆ ಊಟ ಮುಗಿಯಿತು. ನಮ್ಮ ರಾಗಿ ಹುರಿಹಿಟ್ಟಿನ ಸಾಕ್ಷಾತ್ ಅಣ್ಣ ಅದು. ಮೊಸರು, ಬೆಲ್ಲ ಸಿಗದಿದ್ದರೂ ಹುರಿಹಿಟ್ಟಿನ ಒಂದು ಪೊಟ್ಟಣ, ಒಂದಿಷ್ಟು ಗೊಜ್ಜವಲಕ್ಕಿ ಚೀಲದಲ್ಲಿದ್ದರೆ ನೂಡಲ್ಸಿನ ಮುಖ ನೋಡಬೇಕಾಗಿಲ್ಲ.

ಬಾನುಲಿಯಲ್ಲಿ ಹೇಳಲು ಸಂಕೋಚವಾದರೂ ಶೌಚದ ವಿಷಯವನ್ನೂ ಹೇಳಲೇಬೇಕು. ಚಳಿಯ, ಒಣ ನೆಲದಲ್ಲಿ ಹೂತದ್ದು ಕೊಳೆಯುವುದಿಲ್ಲ, ವರ್ಷಗಟ್ಟಲೆ ಹಾಗೇ ಇರುತ್ತದೆ. ಸ್ಪಿತಿಯ ಮನೆಗಳಲ್ಲಿ ಒಣ ಪಾಯಿಖಾನೆ ಇರುತ್ತದೆ: ಮೇಲಿನ ಕೋಣೆಯ ನೆಲದಲ್ಲಿ ಕಂಡಿ, ಪಕ್ಕದಲ್ಲಿ ಮಣ್ಣು, ಬೂದಿ, ಒಂದು ಸಲಿಕೆ. ಕೆಳಗಿನ ಕೋಣೆಯಲ್ಲಿ ಚಳಿಗಾಲ ಪೂರ್ತಿ ಸೇರಿದ್ದು ವಸಂತದಲ್ಲಿ ಹೊಲಕ್ಕೆ ಗೊಬ್ಬರ. ಒಂದು ಹನಿ ನೀರು ಬೇಡ. ಊರಿನ ಬಳಿ ಇದ್ದರೆ ಅದನ್ನು ಕೇಳಿ ಬಳಸಿ, ಯಾರೂ ಬೇಡ ಎನ್ನುವುದಿಲ್ಲ.

ಕಾಜಾದ ಮೇಲುಗಡೆ ಲಾಂಗ್ಜಾ, ಹಿಕ್ಕಿಂ, ಕೋಮಿಕ್, ಕಿಬ್ಬರ್ ಎಂಬ ಊರುಗಳು 4,200ರಿಂದ 4,600 ಮೀಟರ್ ನಡುವೆ ಹರಡಿಕೊಂಡಿವೆ. ಕಾಜಾದಲ್ಲಿ ಸಾಮಾನು ಬಿಟ್ಟು ಹಗುರವಾಗಿ ಹೋಗಿ ಬರುವುದು ಜಾಣತನ. ಹಿಕ್ಕಿಮಿನಲ್ಲಿ 1983ರಿಂದ ಒಂದು ಅಂಚೆಕಚೇರಿ ಇದೆ. ಎಲ್ಲರೂ ಅಲ್ಲಿಂದ ತಮ್ಮ ವಿಳಾಸಕ್ಕೆ ತಾವೇ ಕಾರ್ಡು ಹಾಕಿಕೊಳ್ಳುತ್ತಾರೆ. ಅದರ ಬಗ್ಗೆ ಇಷ್ಟು ಸಾಕು. ನನಗೆ ಹೆಚ್ಚು ಬೆರಗು ತಂದದ್ದು ಲಾಂಗ್ಜಾ. ಅಲ್ಲಿನ ಕರಿಗಲ್ಲಿನ ಪದರಗಳನ್ನು ಒಡೆದರೆ ಒಳಗೆ ಸುರುಳಿ ಚಿಪ್ಪು. ಹಿಮಾಲಯ ಏಳುವ ಮುನ್ನ ಅಲ್ಲಿದ್ದ ಟೆಥಿಸ್ ಸಮುದ್ರದ ಅಮ್ಮೋನೈಟ್ ಎಂಬ ಜೀವಿ, ಜುರಾಸಿಕ್ ಕಾಲದ್ದು. ಇದೇ ಪದರ ನೇಪಾಳದವರೆಗೂ ಸಾಗಿದೆ, ಅಲ್ಲಿ ಗಂಡಕಿ ನದಿ ಅದನ್ನು ಉರುಳಿಸಿ ನುಣುಪು ಮಾಡಿ ಕೊಡುತ್ತದೆ. ನಮ್ಮ ಎಷ್ಟೋ ಮನೆಗಳ ದೇವರ ಪೆಟ್ಟಿಗೆಯಲ್ಲಿ ತುಳಸಿಯ ಕೆಳಗೆ ಕುಳಿತಿರುವ ಸಾಲಿಗ್ರಾಮ ಅದೇ. ಊರಿನ ಮಕ್ಕಳು ಅಂಗೈ ತೆರೆದು ಚಿಪ್ಪುಕಲ್ಲು ಮಾರಲು ಬರುತ್ತಾರೆ. ಕೊಳ್ಳಬೇಡಿ. ಮಕ್ಕಳೊಡನೆ ಎರಡು ಮಾತಾಡಿ ಬನ್ನಿ, ಕಲ್ಲು ಅಲ್ಲೇ ಇರಲಿ.

ಕಿಬ್ಬರಿನಲ್ಲಿ ಮೈಸೂರಿನ ಇನ್ನೊಂದು ನಂಟಿದೆ. ಮೈಸೂರಿನಲ್ಲಿ ನೆಲೆಯಿರುವ ನೇಚರ್ ಕನ್ಸರ್ವೇಶನ್ ಫೌಂಡೇಶನ್ನಿನವರು 1990ರ ದಶಕದಿಂದ ಅಲ್ಲಿ ಹಿಮಚಿರತೆಯ ಕೆಲಸ ಮಾಡುತ್ತಿದ್ದಾರೆ. ವಿಜ್ಞಾನಿ ಚಾರುದತ್ತ ಮಿಶ್ರಾ ಮತ್ತು ಜತೆಗಾರರು ಊರವರೊಡನೆ ಕುಳಿತು ಒಂದು ಒಪ್ಪಂದಕ್ಕೆ ಬಂದರು. ಊರಿನ ಗೋಮಾಳದ ಒಂದು ಭಾಗದಲ್ಲಿ ದನಕುರಿ ಮೇಯಿಸದೆ ಬಿಡುವುದು, ಅಲ್ಲಿ ಭರಲ್ ಎಂಬ ಕಾಡುಕುರಿ ಮೇಯಲಿ, ಕಾಡುಕುರಿ ಹೆಚ್ಚಿದರೆ ಹಿಮಚಿರತೆಗೆ ಬೇಟೆ ಸಿಗುತ್ತದೆ ಎಂಬ ಲೆಕ್ಕ. ಆಮೇಲೆ ಚಿರತೆಗೆ ಸಿಕ್ಕ ಜಾನುವಾರಿಗೆ ಊರವರೇ ಕಂತು ಕಟ್ಟಿ ನಡೆಸುವ ವಿಮೆಯೂ ಬಂತು. ಈಗ ಹೇಳಿ, ಬೈಕಿನವನ ಕಣ್ಣಿಗೆ ಆ ಹುಲ್ಲುಗಾವಲು ಹೇಗೆ ಕಾಣುತ್ತದೆ? ದನವಿಲ್ಲ, ಬೇಲಿಯಿಲ್ಲ, ಮನುಷ್ಯರಿಲ್ಲ, ಡೇರೆಗೆ ಹೇಳಿ ಮಾಡಿಸಿದ ಜಾಗ. ಅದು ಹಾಗಿರಲೆಂದು ಒಂದಿಡೀ ಊರು ತನ್ನ ಮೇವನ್ನು ಬಿಟ್ಟುಕೊಟ್ಟಿದೆ. ಕಿಬ್ಬರಿನಿಂದ ಚಿಚಮಿಗೆ ಹೋಗಲು 2017ರಲ್ಲಿ ಆಳವಾದ ಕಂದರದ ಮೇಲೆ ಸೇತುವೆ ಆಯಿತು. ಅದಕ್ಕೆ ಮೊದಲು ತಂತಿಗೆ ತೂಗಿದ ತೊಟ್ಟಿಲಿನಲ್ಲಿ ಕುಳಿತು ಹಗ್ಗ ಎಳೆದುಕೊಂಡು ದಾಟುತ್ತಿದ್ದರು. ಈಗ ಆ ಸೇತುವೆಯ ಮೇಲೆ ಬೈಕು ನಿಲ್ಲಿಸಿ ಫೋಟೋ ತೆಗೆಸಿಕೊಳ್ಳುವವರದ್ದೇ ಸಾಲು.

ಕಾಜಾದ ಬಂಕಿನಲ್ಲಿ ಮತ್ತೆ ಟ್ಯಾಂಕು ತುಂಬಿಸಿ ಹೊರಟರೆ ಲೋಸರ್, ಅಲ್ಲಿಂದ ಕುಂಜುಮ್. ನೆತ್ತಿಯ ಮೇಲೆ ಕುಂಜುಮ್ ಮಾತೆಯ ಗುಡಿ, ಸ್ತೂಪಗಳು. ವಾಹನಗಳೆಲ್ಲ ಒಂದು ಪ್ರದಕ್ಷಿಣೆ ಹಾಕಿಯೇ ಇಳಿಯುತ್ತವೆ, ನೀವೂ ಹಾಕಿ. ಇಳಿದ ಮೇಲೆ ಬಲಕ್ಕೆ ಚಂದ್ರತಾಲ್ ಸರೋವರದ ದಾರಿ. ಸುಮಾರು 4,250 ಮೀಟರಿನಲ್ಲಿರುವ ಈ ಸರೋವರ 2005ರಲ್ಲಿ ಜೌಗುನೆಲಗಳ ಅಂತರರಾಷ್ಟ್ರೀಯ ಪಟ್ಟಿಯಾದ ರಾಮ್ಸಾರ್ ಪಟ್ಟಿಗೆ ಸೇರಿತು. ದಂಡೆಯಲ್ಲಿ ಡೇರೆ ಹಾಕುವಂತಿಲ್ಲ. ಎರಡು ಮೂರು ಕಿಲೋಮೀಟರ್ ಈಚೆಗೇ ಬಿಡಾರ, ಅಲ್ಲಿಂದ ನಡೆದು ಹೋಗಬೇಕು. ಇದನ್ನು ಸರ್ಕಾರದ ಕಿರಿಕಿರಿ ಎಂದು ಗೊಣಗುವವರಿದ್ದಾರೆ. ಮೊದಲು ದಂಡೆಯ ಮೇಲೆಯೇ ಡೇರೆಗಳಿದ್ದವು, ಅವುಗಳ ಕೊಳೆಯೆಲ್ಲ ಹೋಗುತ್ತಿದ್ದದ್ದು ಆ ನೀಲಿ ನೀರಿಗೇ. ಎತ್ತರದ ಹವಾಮಾನಕ್ಕೆ ತಿಂಗಳ ಹೆಸರು ಗೊತ್ತಿಲ್ಲ ಎಂಬುದನ್ನೂ ಮರೆಯಬಾರದು. 2023ರ ಜುಲೈಯಲ್ಲಿ ಹಿಮ ಬಿದ್ದು ದಾರಿ ಮುಚ್ಚಿ ಇನ್ನೂರಕ್ಕೂ ಹೆಚ್ಚು ಪ್ರವಾಸಿಗರು ಅಲ್ಲಿ ದಿನಗಟ್ಟಲೆ ಸಿಕ್ಕಿಬಿದ್ದಿದ್ದರು. ಹಿಮ ತೆರವು ಮಾಡಿ ಅವರನ್ನು ಕರೆತರಬೇಕಾಯಿತು. ಮನಾಲಿ ಕಡೆಗಿನ ದಾರಿಯಲ್ಲಿ ಸಿಗುವ ಬಾತಲ್‌ನಲ್ಲಿ 'ಚಾಚಾ-ಚಾಚಿ' ಎಂದೇ ಹೆಸರಾದ ದಂಪತಿಯ ಕಲ್ಲುಗೋಡೆಯ ಢಾಬಾ ಇದೆ. ಹಿಮಕ್ಕೆ ಸಿಕ್ಕಿಕೊಂಡ ಎಷ್ಟೋ ಜನರನ್ನು ಅವರು ಇದ್ದುದನ್ನು ಉಣ್ಣಿಸಿ ಕಾಪಾಡಿದ್ದಾರೆ. ರಾಜ್ಮಾ ಅನ್ನ ಚೆನ್ನಾಗಿರುತ್ತದೆ, ಕುಕ್ಕರಿನದು.

ಬಾತಲ್‌ನಿಂದ ಗ್ರಾಂಫೂವರೆಗಿನ ಸುಮಾರು 50 ಕಿಲೋಮೀಟರನ್ನು ರಸ್ತೆ ಎಂದು ಕರೆಯಲು ಧಾರಾಳ ಮನಸ್ಸು ಬೇಕು. ನದಿಯ ಉರುಟು ಕಲ್ಲುಗಳ ಮೇಲೆ ಹೋಗುತ್ತಿದ್ದೀರಿ ಅಷ್ಟೆ, ನಡುನಡುವೆ ಹಿಮನದಿಗಳಿಂದ ಇಳಿಯುವ ನಾಲಾಗಳು ಅಡ್ಡ ಹರಿಯುತ್ತವೆ. ಅವಕ್ಕೂ ಗಡಿಯಾರವಿದೆ. ರಾತ್ರಿ ಹೆಪ್ಪುಗಟ್ಟಿ ಬೆಳಿಗ್ಗೆ ಮೊಣಕಾಲ ಕೆಳಗಿರುವ ನೀರು, ಬಿಸಿಲೇರಿ ಹಿಮ ಕರಗಿದಂತೆ ಮಧ್ಯಾಹ್ನಕ್ಕೆ ತೊಡೆಯವರೆಗೆ ಬರುತ್ತದೆ. ಆದ್ದರಿಂದ ನಸುಕಿಗೇ ಹೊರಡಿ. ಮೊದಲು ಒಬ್ಬರು ನಡೆದು ಆಳ ನೋಡಲಿ. ಮೊದಲ ಗೇರಿನಲ್ಲಿ, ಕ್ಲಚ್ ಹಿಡಿಯದೆ, ಒಂದೇ ಸಮನೆ ಎಕ್ಸಿಲರೇಟರ್ ಕೊಟ್ಟುಕೊಂಡು, ಕಣ್ಣು ಆಚೆ ದಡದ ಮೇಲಿಟ್ಟು ದಾಟಿ. ಗಾಡಿ ನೀರಿನಲ್ಲಿ ಮಗುಚಿ ಏರ್ ಫಿಲ್ಟರಿಗೆ ನೀರು ಹೋಗಿದ್ದರೆ ಆತುರದಲ್ಲಿ ಸೆಲ್ಫ್ ಒತ್ತಬೇಡಿ. ಸಿಲಿಂಡರಿನೊಳಗೆ ನೀರಿದ್ದರೆ ಪಿಸ್ಟನ್ನಿನ ಕೋಲು ಬಾಗಿ ಎಂಜಿನ್ನೇ ಹಾಳಾಗುತ್ತದೆ. ಪ್ಲಗ್ಗು ಬಿಚ್ಚಿ, ನೀರು ಹೊರಗೆ ಚಿಮ್ಮಿಸಿ, ಒಣಗಿಸಿ ಆಮೇಲೆ ಸ್ಟಾರ್ಟ್ ಮಾಡಿ.

ಹೋಗುವ ಕಾಲದ ಬಗ್ಗೆ ಒಂದು ಮಾತು. ಕುಂಜುಮ್ ದಾರಿ ಸಾಮಾನ್ಯವಾಗಿ ಜೂನಿನಿಂದ ಅಕ್ಟೋಬರ್ ತನಕ ತೆರೆದಿರುತ್ತದೆ. ಜುಲೈ, ಆಗಸ್ಟಿನಲ್ಲಿ ಸ್ಪಿತಿಯೊಳಗೆ ಬಿಸಿಲಿದ್ದರೂ ಕಿನ್ನೌರಿನಲ್ಲಿ ಗುಡ್ಡಗಳು ಕುಸಿಯುತ್ತಿರುತ್ತವೆ. ನನ್ನ ಆಯ್ಕೆ ಸೆಪ್ಟೆಂಬರ್. ನಾಲಾಗಳ ಅಬ್ಬರ ತಗ್ಗಿರುತ್ತದೆ, ಬಟಾಣಿ ಲಾರಿ ಹತ್ತಿ ಆಗಿರುತ್ತದೆ, ಕೊಯ್ಲಾದ ಹೊಲದ ಮೂಲೆಯಲ್ಲಿ ಡೇರೆಗೆ ಜಾಗ ಕೇಳಿದರೆ ಕೊಡುವುದೂ ಸುಲಭ.

ಗ್ರಾಂಫೂವಿನಲ್ಲಿ ಡಾಂಬರು ಸಿಗುತ್ತದೆ. ಎಡಕ್ಕೆ ಹತ್ತಿದರೆ ರೋಹ್ತಾಂಗ್, ಬಲಕ್ಕೆ ಇಳಿದರೆ ಕೋಕ್ಸರ್, ಅಲ್ಲಿಂದ ಮುಂದೆ 2020ರ ಅಕ್ಟೋಬರಿನಲ್ಲಿ ತೆರೆದ, 9.02 ಕಿಲೋಮೀಟರ್ ಉದ್ದದ ಅಟಲ್ ಸುರಂಗ. ಸುರಂಗ ದಾಟಿದ ಮೇಲೆ ಮನಾಲಿಯವರೆಗೂ ಇಳಿಜಾರು. ಇಷ್ಟು ದಿನ ಕಲ್ಲು, ಮರಳು, ನೀರು ಕುಡಿದ ಬ್ರೇಕು ಹೊಸ ಡಾಂಬರಿನ ಇಳಿಜಾರಿನಲ್ಲಿ ಎಂದಿನಂತೆ ಹಿಡಿಯುವುದಿಲ್ಲ. ಸುರಂಗದ ಮೊದಲೇ ಒಂದು ಕಡೆ ನಿಲ್ಲಿಸಿ ಪ್ಯಾಡು ನೋಡಿಕೊಳ್ಳಿ, ಚೈನಿಗೆ ಎಣ್ಣೆ ಬಿಡಿ, ಸಾಮಾನಿನ ಹಗ್ಗ ಇನ್ನೊಮ್ಮೆ ಬಿಗಿಯಿರಿ. ಒಳಗೆ ನಿಲ್ಲಿಸಿ ಫೋಟೋ ತೆಗೆದರೆ ದಂಡ ಹಾಕುತ್ತಾರೆ.